ಕಾತ್ಯಾಯನಿಗೆ ಮಗುವೂ ಬೇಕಿತ್ತು

ಮಿಲಿಟರಿ ನಾಯಕ, ಗಂಡನನ್ನು ಕಳೆದುಕೊಂಡ ನಾಯಕಿ, ಅವಳಿಗೊಂದು ಮಗು. ಇಂಥ ಕಾದಂಬರಿ ಓದಿ ಕಣ್ಣೊರೆಸಿಕೊಂಡಿದ್ದೀರಾ? ನಾನಂತೂ ಹೌದು. ಆದರೆ ಯಲಹಂಕ ವಾಯುನೆಲೆಯ ಯೂನಿಫಾರ್ಮಿನವರೊಬ್ಬರು ನಿಮ್ಮ ಎದುರುಮನೆ ವಿಧವೆಯ ಮಗನನ್ನು ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಬಿಟ್ಟರೆ? ಸಂಜೆಯೊಳಗೆ ಸುದ್ದಿ ತರಕಾರಿ ಗಾಡಿ ತನಕ ಮುಟ್ಟಿರುತ್ತೆ, ಅಲ್ವೇ?

ಗುಲ್ವಾಡಿ ವೆಂಕಟರಾಯರು ವಿಧವಾ ವಿವಾಹದ ಕಥೆ ‘ಇಂದಿರಾಬಾಯಿ’ ಬರೆದದ್ದು 1899ರಲ್ಲಿ. ಭೈರಪ್ಪನವರ ‘ವಂಶವೃಕ್ಷ’ 1965ರದ್ದು. ಅದರಲ್ಲಿ ಕಾತ್ಯಾಯನಿ ಮರುಮದುವೆಯಾದಳು, ಮಗ ಮಾತ್ರ ಮಾವನ ಮನೆಯಲ್ಲೇ ಉಳಿದ. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಅಲ್ಲೇ. ‘ಮಗು ನಮ್ಮ ವಂಶದ್ದು’ ಅನ್ನೋ ಮಾತು ಇನ್ನೂ ನಿಂತಿಲ್ಲ. ಮರುಮದುವೆಯಾದ ತಾಯಿ ಮಗುವಿನ ಮನೆತನದ ಹೆಸರನ್ನು ತಾನೇ ತೀರ್ಮಾನಿಸಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಹಾಗಂತ ಯೂನಿಫಾರ್ಮ್ ನೋಡಿಯೇ ಕರಗಿಬಿಡೋದೂ ಬೇಡ. ಅವರಿಗೆ ವರ್ಗವಾದರೆ ಮಗುವಿನ ಸ್ಕೂಲು ಏನಾಗುತ್ತೆ, ಮೊದಲ ಗಂಡನ ಪಿಂಚಣಿ ಉಳಿಯುತ್ತಾ, ಎಲ್ಲವನ್ನೂ ಮದುವೆಗೆ ಮುಂಚೆಯೇ ಅವಳು ಕೇಳಲಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಲಿ.

ಎದುರುಮನೆಯವರಾದ ನೀವು? ಗಾಡಿ ಹತ್ತಿರ ಸುದ್ದಿ ಬಂದಾಗ ‘ಹೌದಾ, ಒಳ್ಳೇದಾಯ್ತು ಬಿಡಿ’ ಅಂದು ಸೊಪ್ಪು ತಗೊಂಡು ಒಳಗೆ ಬನ್ನಿ.