ಅಪ್‌ಡೇಟ್ ನಿಂತ ಕಂಪ್ಯೂಟರಿಗೆ ಬೀಗ ಬೇಡ, ಚೀಟಿ ಬೇಕು

ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಎಂಟು ಕಂಪ್ಯೂಟರ್‌ಗಳಿದ್ದವು. ಎಲ್ಲದರಲ್ಲೂ ವಿಂಡೋಸ್ 7. ಹತ್ತನೇ ತರಗತಿಗೆ ಓಮ್‌ನ ನಿಯಮದ ಪಾಠವಿತ್ತು. ಫೆಟ್ ಸಿಮ್ಯುಲೇಶನ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಎಲ್ಲ ಕಂಪ್ಯೂಟರಿಗೂ ಹಾಕಿದೆ. ವೋಲ್ಟೇಜ್ ಏರಿಸಿದರೆ ಪ್ರವಾಹ ಏರುವುದನ್ನೂ ರೋಧ ಏರಿಸಿದರೆ ಪ್ರವಾಹ ಇಳಿಯುವುದನ್ನೂ ಮಕ್ಕಳು ತಾವೇ ಮಾಡಿ ನೋಡಿದರು. ಪಾಠ ಚೆನ್ನಾಗಿಯೇ ಆಯಿತು.

ಸಂಜೆ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮುದ್ರಿಸಲು ಅದೇ ಪೆನ್‌ಡ್ರೈವ್ ಅನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿದೆ. ನನ್ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಮಕ್ಕಳ ಹೆಸರು, ಜನ್ಮದಿನಾಂಕ, ಆಧಾರ್ ಸಂಖ್ಯೆ, ಪೋಷಕರ ಮೊಬೈಲ್ ಸಂಖ್ಯೆಗಳ ಪಟ್ಟಿ ಇದ್ದದ್ದು ಆ ಕಂಪ್ಯೂಟರಿನಲ್ಲೇ. ಅದನ್ನು ಸ್ವಚ್ಛ ಮಾಡಿಸಲು ಎರಡು ದಿನ ಹಿಡಿಯಿತು. ತಪ್ಪು ನನ್ನದೇ. ಮರುದಿನ ಕಂಪ್ಯೂಟರ್ ಕೊಠಡಿಗೆ ಬೀಗ ಬಿತ್ತು.

ಶಿಕ್ಷಕರ ಕೊಠಡಿಯಲ್ಲಿ ಆಗ ಎರಡು ಮಾತು ಕೇಳಿದೆ. ಒಬ್ಬರು, ‘ಹಳೇ ಸಿಸ್ಟಮ್ಮು, ಇನ್ನು ಅದರ ಸಹವಾಸವೇ ಬೇಡ’ ಎಂದರು. ಇನ್ನೊಬ್ಬರು, ‘ಇಷ್ಟು ವರ್ಷ ಏನೂ ಆಗಿಲ್ಲ, ಹೀಗೇ ನಡೀಲಿ ಬಿಡಿ’ ಎಂದರು. ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ‘ಬೆಂಬಲ ಮುಗಿಯಿತು’ ಎಂದರೆ ಏನೆಂದು ನೋಡೋಣ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತದ್ದು 2020ರ ಜನವರಿ 14ರಂದು. ಜನವರಿ 15ರಂದೂ ಆ ಕಂಪ್ಯೂಟರ್‌ಗಳು ಹಿಂದಿನ ದಿನದಂತೆಯೇ ಚಾಲೂ ಆದವು. ಪ್ರಯೋಗಾಲಯದಲ್ಲಿ ಅವಧಿ ಮೀರಿದ ರಾಸಾಯನಿಕದ ಬಣ್ಣ ಬದಲಾಗುತ್ತದೆ, ಕೆಲವೊಮ್ಮೆ ತಳದಲ್ಲಿ ಗಷ್ಟು ನಿಲ್ಲುತ್ತದೆ. ಇಲ್ಲಿ ಅಂಥ ಯಾವ ಗುರುತೂ ಕಾಣುವುದಿಲ್ಲ. ಬದಲಾಗುವುದು ಹೊರಗಿನ ಪರಿಸ್ಥಿತಿ. ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಹೊಸ ಭದ್ರತಾ ದೋಷ ಪತ್ತೆಯಾದರೆ ಹೊಸ ಆವೃತ್ತಿಗಳಿಗೆ ತಿದ್ದುಪಡಿ ಬರುತ್ತದೆ, ಹಳೆಯದಕ್ಕೆ ಬರುವುದಿಲ್ಲ. ಆ ತಿದ್ದುಪಡಿಯನ್ನು ಪರಿಶೀಲಿಸಿದವರಿಗೆ ಹಳೆಯದರಲ್ಲಿ ಬಾಗಿಲು ಎಲ್ಲಿ ತೆರೆದಿದೆ ಎಂಬ ಸುಳಿವೂ ಸಿಗಬಹುದು. ಬ್ರೌಸರ್‌ಗಳೂ ಒಂದೊಂದಾಗಿ ಕೈಬಿಡುತ್ತವೆ. 2023ರ ಆರಂಭದಲ್ಲಿ ಬಂದ ಕ್ರೋಮ್ 110 ವಿಂಡೋಸ್ 7ರಲ್ಲಿ ಓಡುವುದಿಲ್ಲ, ಅಲ್ಲಿ 109ನೇ ಆವೃತ್ತಿಯೇ ಕೊನೆ.

‘ಏನೂ ಆಗಿಲ್ಲ’ ಎನ್ನುವವರಿಗೆ 2017ರ ಮೇ ತಿಂಗಳ ವಾನಾಕ್ರೈ ದಾಳಿ ಉತ್ತರ. ಕಂಪ್ಯೂಟರಿನ ಫೈಲುಗಳನ್ನು ಒತ್ತೆ ಹಿಡಿದು ಹಣ ಕೇಳುವ ಈ ಕುತಂತ್ರಾಂಶ ಜಾಲದ ಮೂಲಕ ತಾನಾಗಿಯೇ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳ ಭೇಟಿಗಳನ್ನೇ ರದ್ದು ಮಾಡಬೇಕಾಯಿತು. ಅದು ಬಳಸಿಕೊಂಡ ದೋಷಕ್ಕೆ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ, ತಿದ್ದುಪಡಿ ಬಂದಿತ್ತು. ಸೋಂಕು ತಗುಲಿದ್ದರಲ್ಲಿ ಹೆಚ್ಚಿನವು ವಿಂಡೋಸ್ 7 ಇದ್ದ ಕಂಪ್ಯೂಟರ್‌ಗಳು. ಅದಕ್ಕೆ ಆಗ ಬೆಂಬಲ ಇತ್ತು, ಅಪ್‌ಡೇಟ್ ಹಾಕಿಕೊಂಡಿರಲಿಲ್ಲ ಅಷ್ಟೇ. ಬೆಂಬಲವಿದ್ದೂ ಅಪ್‌ಡೇಟ್ ಮಾಡದವರ ಪಾಡೇ ಹೀಗಾದರೆ, ಬೆಂಬಲವೇ ಇಲ್ಲದ ಕಂಪ್ಯೂಟರಿನ ಅಪಾಯ ಬೇರೆ ಹೇಳಬೇಕಿಲ್ಲ.

ಹಾಗಾದರೆ ಬೀಗವೇ ಸರಿಯಲ್ಲವೇ? ಅಲ್ಲ. ಅಪಾಯ ಬರುವುದು ಹೊರಗಿನ ಸಂಪರ್ಕದಿಂದ, ಅದು ಇಂಟರ್ನೆಟ್ ಇರಲಿ, ಪೆನ್‌ಡ್ರೈವ್ ಇರಲಿ. ನಷ್ಟ ಎಷ್ಟೆಂಬುದು ಒಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಇಂಟರ್ನೆಟ್ ಇಲ್ಲದ, ಮಕ್ಕಳ ಮಾಹಿತಿ ಇಲ್ಲದ ಹಳೆಯ ಕಂಪ್ಯೂಟರಿನಲ್ಲಿ ಟೈಪಿಂಗ್ ಕಲಿಸಬಹುದು, ಜಿಯೋಜೀಬ್ರಾ ಬಳಸಬಹುದು, ಫೆಟ್ ತೋರಿಸಬಹುದು. ವೈರಸ್ ಬಂದರೂ ಎಲ್ಲ ಅಳಿಸಿ ಮತ್ತೆ ಹಾಕಿಕೊಂಡರಾಯಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೆ ಮೌಸ್ ಹಿಡಿಯಲು ಸಿಗುವ ಜಾಗ ಅದೊಂದೇ. ಆದರೆ ಮಕ್ಕಳ ದಾಖಲೆ ತುಂಬುವುದು, ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗುವುದು, ಬ್ಯಾಂಕಿನ ಕೆಲಸ, ಇವನ್ನು ಅದರಲ್ಲಿ ಒಂದು ದಿನವೂ ಮಾಡಬಾರದು. ಶಾಲೆಯಲ್ಲಿ ಬೆಂಬಲವಿರುವ ಕಂಪ್ಯೂಟರ್ ಒಂದೇ ಇದ್ದರೆ ಅದು ಕಚೇರಿಗೇ ಹೋಗಬೇಕು.

ಇದು ವಿಂಡೋಸ್ 7ರ ಮಾತು ಮಾತ್ರವಲ್ಲ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಂಸ್ಥೆಗಳು ಹಣ ಕೊಟ್ಟು ಗರಿಷ್ಠ ಮೂರು ವರ್ಷ ಭದ್ರತಾ ಅಪ್‌ಡೇಟ್ ಪಡೆಯಬಹುದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ರೂ ಬೇಕಾದ್ದರಿಂದ ಚೆನ್ನಾಗಿ ಓಡುವ ಎಷ್ಟೋ ಕಂಪ್ಯೂಟರ್‌ಗಳು ಅದಕ್ಕೆ ಅರ್ಹವಾಗುವುದಿಲ್ಲ. ಇನ್ನೊಂದು ದಾರಿ ಲಿನಕ್ಸ್. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಉಬುಂಟು ಆಧಾರಿತ ವ್ಯವಸ್ಥೆ ವರ್ಷಗಳಿಂದ ಬಳಕೆಯಲ್ಲಿದೆ. ನಮ್ಮಲ್ಲಿ ಅದಕ್ಕೆ ಮೊದಲು ಒಂದು ಕೆಲಸವಿದೆ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಪತ್ರಗಳನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಹೊಸ ವ್ಯವಸ್ಥೆಯಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಪ್ರಶಿಕ್ಷಣಾರ್ಥಿಗಳಾದ ನಮ್ಮ ಪಾಲಿನ ಹೊಣೆಯೂ ಇಲ್ಲಿದೆ. ಶಾಲೆಯಿಂದ ಶಾಲೆಗೆ, ಕಾಲೇಜಿನಿಂದ ಸೈಬರ್ ಅಂಗಡಿಗೆ ಪೆನ್‌ಡ್ರೈವ್ ಹೊತ್ತು ತಿರುಗುವವರು ನಾವು. ಶಾರ್ಟ್‌ಕಟ್ ವೈರಸ್ ಹೊಸ ಕಂಪ್ಯೂಟರಿಗೂ ಬರಬಹುದು ನಿಜ, ಆದರೆ ಅಪ್‌ಡೇಟೂ ಆಂಟಿವೈರಸ್ಸೂ ಇಲ್ಲದ ಕಡೆ ಅದು ಬಂದಲ್ಲೇ ಮನೆ ಮಾಡುತ್ತದೆ. ಆದ್ದರಿಂದ ಕಂಪ್ಯೂಟರ್ ಕೊಠಡಿಗೆ ಹಾಕಿದ ಪೆನ್‌ಡ್ರೈವ್ ಕಚೇರಿಗೆ ಹೋಗಬಾರದು, ಎರಡಕ್ಕೂ ಬೇರೆ ಬೇರೆ ಇರಬೇಕು.

ನಮ್ಮ ಮಾರ್ಗದರ್ಶಕ ಅಧ್ಯಾಪಕರಲ್ಲಿ ಒಂದು ವಿನಂತಿ. ಶಾಲಾ ವೀಕ್ಷಣಾ ವರದಿಯಲ್ಲಿ ಕಂಪ್ಯೂಟರ್‌ಗಳ ಸಂಖ್ಯೆಯನ್ನಷ್ಟೇ ಬರೆಯುತ್ತೇವೆ. ಇನ್ನು ಮೂರು ಕಾಲಂ ಸೇರಿಸಿದರೆ ಸಾಕು: ಯಾವ ಕಾರ್ಯಾಚರಣಾ ವ್ಯವಸ್ಥೆ, ಬೆಂಬಲ ಯಾವಾಗಿನವರೆಗೆ, ಯಾವ ಕೆಲಸಕ್ಕೆ ಬಳಕೆ. ಇದನ್ನು ತುಂಬಲು ಹೊರಟ ಪ್ರಶಿಕ್ಷಣಾರ್ಥಿ ಮುಖ್ಯೋಪಾಧ್ಯಾಯರನ್ನು ಕೇಳಲೇಬೇಕಾಗುತ್ತದೆ, ಕೇಳಿದಾಗ ಶಾಲೆಯೂ ಒಮ್ಮೆ ನೋಡಿಕೊಳ್ಳುತ್ತದೆ.

ನನ್ನ ಬೋಧನಾಭ್ಯಾಸ ಮುಗಿಯುವ ಮುನ್ನ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಮೂರು ಕಂಪ್ಯೂಟರ್‌ಗಳನ್ನು ಪೂರ್ತಿ ಅಳಿಸಿ ಸಿದ್ಧಮಾಡಿದೆವು. ಮಾನಿಟರ್ ಮೇಲೆ ಅಂಟಿಸಿದ ಚೀಟಿಯಲ್ಲಿ ಹೀಗಿತ್ತು: ‘ಕಲಿಕೆಗೆ ಮಾತ್ರ. ಇಂಟರ್ನೆಟ್ ಇಲ್ಲ. ಮಕ್ಕಳ ಮಾಹಿತಿ ಹಾಕಬಾರದು.’ ಬೀಗ ತೆರೆಯಿತು. ಉಳಿದ ಐದು ಇನ್ನೂ ಕಾಯುತ್ತಿವೆ.