ಪ್ರಶ್ನೆ ಕೇಳಿದವಳಿಗೆ ಬಂದ ಬೆದರಿಕೆ

ಫಿಲಿಪೀನ್ಸ್‌ನ ಪ್ರತಿನಿಧಿ ಸಭೆಯಲ್ಲಿ 2023ರಲ್ಲಿ ಮುಂದಿನ ವರ್ಷದ ಬಜೆಟ್ ಚರ್ಚೆ ನಡೆಯುತ್ತಿದ್ದಾಗ ಶಿಕ್ಷಕರ ಪಕ್ಷವೊಂದನ್ನು ಪ್ರತಿನಿಧಿಸುತ್ತಿದ್ದ ಫ್ರಾನ್ಸ್ ಕ್ಯಾಸ್ಟ್ರೊ ಕೇಳಿದ್ದು ಲೆಕ್ಕ. ಉಪಾಧ್ಯಕ್ಷೆ ಸಾರಾ ಡುಟರ್ಟೆ ಅವರ ಕಚೇರಿ 2022ರ ಡಿಸೆಂಬರಿನಲ್ಲಿ ಹನ್ನೊಂದೇ ದಿನಗಳಲ್ಲಿ 12.5 ಕೋಟಿ ಪೆಸೊ ‘ಗೌಪ್ಯ ನಿಧಿ’ಯನ್ನು ಖರ್ಚು ಮಾಡಿತ್ತು. ಯಾರಿಗೆ, ಯಾವ ಕೆಲಸಕ್ಕೆ ಎಂಬುದು ಜನರಿಗೆ ತಿಳಿಯಲಿಲ್ಲ. ಶಿಕ್ಷಣ ಸಚಿವೆಯೂ ಆಗಿದ್ದ ಸಾರಾ, ತಮ್ಮ ಎರಡೂ ಕಚೇರಿಗಳಿಗೆ 2024ಕ್ಕೆ ಒಟ್ಟು 65 ಕೋಟಿ ಪೆಸೊ ಗೌಪ್ಯ ನಿಧಿ ಕೇಳಿದ್ದರು. ಶಾಲೆ ನಡೆಸುವ ಇಲಾಖೆಗೆ ಗುಟ್ಟಿನ ಹಣ ಏಕೆ ಬೇಕು ಎಂದು ಶಿಕ್ಷಕರ ಪ್ರತಿನಿಧಿ ಕೇಳದೆ ಇನ್ನಾರು ಕೇಳಬೇಕು? ಕೊನೆಗೆ ಸಭೆ ಆ ಹಣಕ್ಕೆ ಕತ್ತರಿ ಹಾಕಿತು. ಹಲವು ಕಚೇರಿಗಳ ಗೌಪ್ಯ ನಿಧಿಯನ್ನು ಒಟ್ಟುಗೂಡಿಸಿ 123 ಕೋಟಿ ಪೆಸೊಗಳನ್ನು ಸಮುದ್ರಗಡಿ ಕಾಯುವ ಮತ್ತು ಗುಪ್ತಚರ ಕೆಲಸದ ಸಂಸ್ಥೆಗಳ ಕಡೆಗೆ ತಿರುಗಿಸಿತು.

ಇದಕ್ಕೆ ಉತ್ತರ ಬಂದದ್ದು ಮಗಳಿಂದಲ್ಲ, ತಂದೆಯಿಂದ. ಮಾಜಿ ಅಧ್ಯಕ್ಷ ರೊಡ್ರಿಗೊ ಡುಟರ್ಟೆ ಎಸ್‌ಎಂಎನ್‌ಐ ಎಂಬ ವಾಹಿನಿಯಲ್ಲಿ ಕುಳಿತು, ತಾನು ಮಗಳಿಗೆ ಕೊಟ್ಟ ಸಲಹೆಯನ್ನು ವಿವರಿಸಿದರು. ಆ ಹಣದ ಮೊದಲ ಗುರಿ ನೀನೇ, ಕೊಲ್ಲಬೇಕೆಂದಿರುವುದು ನಿಮ್ಮಂಥ ಕಮ್ಯುನಿಸ್ಟರನ್ನೇ ಎಂದು ಕ್ಯಾಸ್ಟ್ರೊಗೆ ನೇರವಾಗಿ ಹೇಳಿಬಿಡು ಎಂಬುದು ಆ ಸಲಹೆಯ ತಿರುಳು.

ಅಧಿಕಾರ ಕಳೆದುಕೊಂಡವರ ಮಾತಿಗೆ ಅಷ್ಟು ಬೆಲೆ ಏಕೆ ಎಂದು ಕೆಲವರು ಆಗ ಕೇಳಿದರು. ಹುದ್ದೆಯಿಂದ ಇಳಿದವನ ಹಿಂದೆ ಅವನು ಮಾಡಿದ ಕೆಲಸಗಳಿರುತ್ತವೆ. ಡುಟರ್ಟೆ 2016ರಿಂದ 2022ರವರೆಗೆ ಆಳಿದ ಕಾಲದಲ್ಲಿ ‘ಮಾದಕ ವಸ್ತುಗಳ ವಿರುದ್ಧದ ಯುದ್ಧ’ದಲ್ಲಿ ಸತ್ತವರು ಪೊಲೀಸರ ಲೆಕ್ಕದಲ್ಲೇ ಆರು ಸಾವಿರಕ್ಕೂ ಹೆಚ್ಚು, ಮಾನವ ಹಕ್ಕು ಸಂಘಟನೆಗಳ ಅಂದಾಜು ಅದರ ಹಲವು ಪಟ್ಟು. ಕಮ್ಯುನಿಸ್ಟ್ ಎಂಬ ಹಣೆಪಟ್ಟಿ ಹಚ್ಚಿಸಿಕೊಂಡ ಅನೇಕ ಹೋರಾಟಗಾರರು, ವಕೀಲರು ಅಲ್ಲಿ ಗುಂಡಿಗೆ ಬಲಿಯಾಗಿದ್ದಾರೆ. ಅಂಥ ನಾಡಿನಲ್ಲಿ ಅಂಥ ವ್ಯಕ್ತಿ ಒಬ್ಬ ಸದಸ್ಯೆಯ ಹೆಸರು ಹಿಡಿದು ‘ಕೊಲ್ಲು’ ಎಂಬ ಮಾತು ಆಡಿದರೆ, ಅದನ್ನು ಕೇಳಿಸಿಕೊಳ್ಳುವ ಎಲ್ಲರೂ ಟೀವಿ ಆರಿಸಿ ಮಲಗುವುದಿಲ್ಲ. ಕ್ಯಾಸ್ಟ್ರೊಗೆ ಇದು ಗೊತ್ತಿತ್ತು. ಅಕ್ಟೋಬರ್ 24ರಂದು ಅವರು ಕ್ವೆಜಾನ್ ಸಿಟಿಯ ಪ್ರಾಸಿಕ್ಯೂಟರ್ ಕಚೇರಿಗೆ ಹೋಗಿ ಗಂಭೀರ ಬೆದರಿಕೆಯ ದೂರು ಕೊಟ್ಟರು.

ಅದಕ್ಕೂ ಮೊದಲೇ ಪ್ರತಿನಿಧಿ ಸಭೆಯ ಎಲ್ಲ ಪಕ್ಷಗಳ ನಾಯಕರು ಒಟ್ಟಾಗಿ ಹೇಳಿಕೆ ಹೊರಡಿಸಿದ್ದರು. ಸದಸ್ಯರಿಗೆ ಬೆದರಿಕೆ ಹಾಕುವುದನ್ನು ನಿಲ್ಲಿಸಿ ಎಂದು ಮಾಜಿ ಅಧ್ಯಕ್ಷರಿಗೆ ಅದರಲ್ಲಿ ಹೇಳಿದ್ದರು. ಹೇಳಿಕೆ ಸೌಮ್ಯವಾಗಿತ್ತು, ಗೌರವದ ಮಾತುಗಳಿಂದ ಸುತ್ತಿಕೊಂಡಿತ್ತು. ಆದರೂ ನಾನು ಅದನ್ನು ಸಣ್ಣದೆಂದು ತಳ್ಳಿಹಾಕಲಾರೆ. ಏಕೆಂದರೆ ಅದಕ್ಕೆ ಏಳು ವರ್ಷ ಮೊದಲು ಅದೇ ದೇಶದ ಸಂಸತ್ತು ಇದಕ್ಕೆ ಪೂರ್ತಿ ವಿರುದ್ಧವಾಗಿ ನಡೆದುಕೊಂಡಿತ್ತು.

2016ರಲ್ಲಿ ಸೆನೆಟರ್ ಲೈಲಾ ಡಿ ಲಿಮಾ ನ್ಯಾಯ ಸಮಿತಿಯ ಅಧ್ಯಕ್ಷೆಯಾಗಿ ಮಾದಕ ಯುದ್ಧದ ಕೊಲೆಗಳ ವಿಚಾರಣೆ ಆರಂಭಿಸಿದರು. ಆಗಷ್ಟೇ ಗೆದ್ದು ಬಂದಿದ್ದ ಡುಟರ್ಟೆ, ಆಕೆಯ ಜಾಗದಲ್ಲಿ ತಾನಿದ್ದರೆ ನೇಣು ಹಾಕಿಕೊಳ್ಳುತ್ತಿದ್ದೆ ಎಂದು ಬಹಿರಂಗವಾಗಿ ಹೇಳಿದರು. ಸೆಪ್ಟೆಂಬರಿನಲ್ಲಿ ಡಿ ಲಿಮಾ, ಡುಟರ್ಟೆ ಹಿಂದೆ ಮೇಯರ್ ಆಗಿದ್ದ ಡವಾವ್ ನಗರದ ಹಂತಕ ತಂಡದಲ್ಲಿ ತಾನಿದ್ದೆ ಎನ್ನುವ ಸಾಕ್ಷಿಯೊಬ್ಬನನ್ನು ಸಮಿತಿಯ ಮುಂದೆ ತಂದರು. ಕೆಲವೇ ದಿನಗಳಲ್ಲಿ, ಬಾಕ್ಸಿಂಗ್ ಲೋಕದಿಂದ ಸೆನೆಟ್‌ಗೆ ಬಂದಿದ್ದ ಮ್ಯಾನಿ ಪಾಕಿಯಾವೊ ಮಂಡಿಸಿದ ಸೂಚನೆಯ ಮೇಲೆ 16–4 ಮತಗಳಿಂದ ಸಹೋದ್ಯೋಗಿಗಳೇ ಆಕೆಯನ್ನು ಸಮಿತಿಯ ಅಧ್ಯಕ್ಷ ಸ್ಥಾನದಿಂದ ಇಳಿಸಿದರು. 2017ರ ಫೆಬ್ರವರಿಯಲ್ಲಿ ಡಿ ಲಿಮಾ ಮಾದಕ ವಸ್ತು ಪ್ರಕರಣಗಳಲ್ಲಿ ಬಂಧಿತರಾದರು. ಸುಮಾರು ಏಳು ವರ್ಷ ಸೆರೆಯಲ್ಲಿದ್ದು 2023ರ ನವೆಂಬರಿನಲ್ಲಿ ಜಾಮೀನಿನ ಮೇಲೆ ಹೊರಬಂದರು. ಮರುವರ್ಷ ಉಳಿದ ಕೊನೆಯ ಪ್ರಕರಣವೂ ಬಿದ್ದುಹೋಯಿತು. ಆಕೆಯ ಮೇಲೆ ಮೊದಲು ಕೈಮಾಡಿದ್ದು ಪೊಲೀಸರಲ್ಲ, ಸೆನೆಟ್. ಅಧ್ಯಕ್ಷನ ಕೋಪಕ್ಕೆ ಗುರಿಯಾದವಳನ್ನು ತನ್ನ ಬೆನ್ನ ಹಿಂದೆ ಇರಿಸಿಕೊಳ್ಳುವ ಬದಲು ಮುಂದಕ್ಕೆ ನೂಕಿತು. ಆ ಮತದಾನವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ 2023ರ ಹೊತ್ತಿಗೆ ಆ ಸಂಸತ್ತಿಗೆ ಧೈರ್ಯ ಬಂದಿತ್ತೆ? ಅರ್ಧ ಮಾತ್ರ. 2022ರ ಚುನಾವಣೆಯಲ್ಲಿ ಜೊತೆಗಿದ್ದ ಮಾರ್ಕೋಸ್ ಮತ್ತು ಡುಟರ್ಟೆ ಮನೆತನಗಳು ಅಷ್ಟರಲ್ಲಿ ಬೇರೆಯಾಗುತ್ತಿದ್ದವು. ಆಗಿನ ಸ್ಪೀಕರ್ ಮಾರ್ಟಿನ್ ರೊಮುವಾಲ್ಡೆಜ್ ಅಧ್ಯಕ್ಷ ಮಾರ್ಕೋಸ್ ಅವರ ಸೋದರ ಸಂಬಂಧಿ. ಮಾಜಿ ಅಧ್ಯಕ್ಷರನ್ನು ಎದುರಿಸುವುದು ಆಗ ಅಪಾಯದ ಕೆಲಸವಾಗಿರಲಿಲ್ಲ. ಅನೇಕರಿಗೆ ಅನುಕೂಲವೂ ಆಗಿತ್ತು. ಎಸ್‌ಎಂಎನ್‌ಐ ವಾಹಿನಿಯ ಪರವಾನಗಿ ರದ್ದುಮಾಡುವ ಮಸೂದೆಯನ್ನು ಪ್ರತಿನಿಧಿ ಸಭೆ 2024ರ ಮಾರ್ಚಿನಲ್ಲಿ ಅಂಗೀಕರಿಸಿತು. ಅದು ನನಗೆ ಸರಿಯೆನಿಸುವುದಿಲ್ಲ. 2020ರಲ್ಲಿ ಡುಟರ್ಟೆ ಬೆಂಬಲಿಗರು ಎಬಿಎಸ್‌–ಸಿಬಿಎನ್ ವಾಹಿನಿಗೆ ಪರವಾನಗಿ ನಿರಾಕರಿಸಿದ್ದೂ ಇದೇ ಸಭೆಯಲ್ಲೇ. ಬೆದರಿಕೆ ಆಡಿದ ಬಾಯಿಯನ್ನು ನ್ಯಾಯಾಲಯಕ್ಕೆ ಕರೆಯುವುದು ಬಿಟ್ಟು ಮೈಕನ್ನೇ ಕಿತ್ತುಕೊಂಡರೆ, ನಾಳೆ ಇನ್ನೊಬ್ಬರು ಗದ್ದುಗೆಗೆ ಬಂದಾಗ ಇನ್ನೊಂದು ಮೈಕು ಹೋಗುತ್ತದೆ.

ನ್ಯಾಯಾಲಯದ ದಾರಿಯಾದರೂ ಸುಗಮವಾಗಿತ್ತೆ ಎಂದರೆ ಅದೂ ಇಲ್ಲ. 2024ರ ಜನವರಿಯಲ್ಲಿ ಪ್ರಾಸಿಕ್ಯೂಟರ್ ಕಚೇರಿ ಕ್ಯಾಸ್ಟ್ರೊ ದೂರನ್ನು ವಜಾ ಮಾಡಿತು. ಅಲ್ಲಿನ ದಂಡ ಸಂಹಿತೆಯ 145ನೇ ಕಲಂ ಬೇರೊಂದು ವಿಷಯ ಹೇಳುತ್ತದೆ: ಬಲಪ್ರಯೋಗದಿಂದಲೋ ಬೆದರಿಕೆಯಿಂದಲೋ ಶಾಸಕರನ್ನು ಸಭೆಗೆ ಹೋಗದಂತೆ, ಅಭಿಪ್ರಾಯ ಹೇಳದಂತೆ, ಮತ ಹಾಕದಂತೆ ತಡೆಯುವುದು ಅಪರಾಧ, ಅದಕ್ಕೆ ಕಠಿಣ ಸೆರೆವಾಸ. 1930ರಲ್ಲಿ, ದೇಶ ಇನ್ನೂ ಅಮೆರಿಕದ ಆಳ್ವಿಕೆಯಲ್ಲಿದ್ದಾಗ, ಈ ಸಂಹಿತೆ ಬರೆದವರಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಶಾಸಕಿಗೆ ಬಂದ ಬೆದರಿಕೆ ಆಕೆಯೊಬ್ಬಳ ಜೀವದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ, ಆಕೆಯನ್ನು ಆರಿಸಿದವರ ಪರವಾಗಿ ಕೇಳಿದ ಪ್ರಶ್ನೆಯನ್ನೂ ಹೊಸಕಿಹಾಕುತ್ತದೆ. ಹೀಗಿರುವಾಗ ದೂರು ಕೊಡಲು ಮುಂದಾಗಬೇಕಾದದ್ದು ಸಭೆಯೇ. ಹೇಳಿಕೆಯ ಕಾಗದಕ್ಕೆ ಸಹಿ ಹಾಕಿದ ಅಷ್ಟೂ ನಾಯಕರು ಕ್ಯಾಸ್ಟ್ರೊ ಜೊತೆ ಪ್ರಾಸಿಕ್ಯೂಟರ್ ಕಚೇರಿಯ ಮೆಟ್ಟಿಲು ಹತ್ತಬೇಕಿತ್ತು.

ಈ ನಡುವೆ ದೊಡ್ಡ ಬೆಳಕು ಸುಪ್ರೀಂ ಕೋರ್ಟಿನಿಂದ ಬಂತು. ಕಮ್ಯುನಿಸ್ಟ್ ಹಣೆಪಟ್ಟಿ ಹಚ್ಚುವುದೇ ಜೀವ, ಸ್ವಾತಂತ್ರ್ಯ, ಭದ್ರತೆಯ ಹಕ್ಕಿಗೆ ಬೆದರಿಕೆ ಎಂದು 2024ರ ಮೇ ತಿಂಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ ಅದು ಹೇಳಿತು. ಆ ಅರ್ಜಿ ಹಾಕಿದ್ದವರು ಸೀಗ್‌ಫ್ರೆಡ್ ಡೆಡುರೊ, ಅವರೂ ಹಿಂದೆ ಪ್ರತಿನಿಧಿ ಸಭೆಯ ಸದಸ್ಯರು. ಕೊಲೆ ನಡೆಯುವವರೆಗೂ ಕಾದು ಕುಳಿತುಕೊಳ್ಳಬೇಕಿಲ್ಲ ಎಂಬುದು ಈ ತೀರ್ಪಿನ ದೊಡ್ಡತನ.

ಆದರೂ ಬಾಯಿಗಳು ಮುಚ್ಚಲಿಲ್ಲ. 2024ರ ನವೆಂಬರಿನಲ್ಲಿ ಸಾರಾ ಡುಟರ್ಟೆ, ತನ್ನನ್ನು ಕೊಂದರೆ ಅಧ್ಯಕ್ಷ, ಅವರ ಪತ್ನಿ ಮತ್ತು ಸ್ಪೀಕರ್ ಅವರನ್ನು ಕೊಲ್ಲಲು ಒಬ್ಬನಿಗೆ ಹೇಳಿಟ್ಟಿದ್ದೇನೆ ಎಂದರು. ತಾನು ಹೇಳಿದ್ದು ಬೆದರಿಕೆಯಲ್ಲ ಎಂದು ಆಮೇಲೆ ವಾದಿಸಿದರು. 2025ರ ಫೆಬ್ರವರಿ 5ರಂದು 215 ಸದಸ್ಯರ ಸಹಿಯೊಂದಿಗೆ ಪ್ರತಿನಿಧಿ ಸಭೆ ಅವರಿಗೆ ವಾಗ್ದಂಡನೆ ವಿಧಿಸಿತು. ಆರೋಪಗಳಲ್ಲಿ ಆ ಮಾತೂ ಸೇರಿತ್ತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಾರ್ಯವಿಧಾನದ ಕಾರಣಕ್ಕೆ ಅಸಾಂವಿಧಾನಿಕವೆಂದಿತು. ಅದೇ ಫೆಬ್ರವರಿಯಲ್ಲಿ ತಂದೆ ಚುನಾವಣಾ ವೇದಿಕೆಯಿಂದ, ತಮ್ಮವರಿಗೆ ಜಾಗ ಸಿಗಬೇಕಾದರೆ ಹದಿನೈದು ಸೆನೆಟರ್‌ಗಳನ್ನು ಕೊಂದರಾಯಿತು ಎಂದರು. ಸಭಿಕರು ನಕ್ಕರು. ದೂರು ಕೊಟ್ಟದ್ದು ಪೊಲೀಸ್ ಅಧಿಕಾರಿ. ಆ ನಗುವಿನ ಮುಂದೆ ಸೆನೆಟ್ ಒಂದೇ ದನಿಯಲ್ಲಿ ಎದ್ದು ನಿಲ್ಲಬೇಕಿತ್ತು.

ಮಾರ್ಚ್ 11ರಂದು ಡುಟರ್ಟೆ ಮನಿಲಾ ವಿಮಾನ ನಿಲ್ದಾಣದಲ್ಲಿ ಬಂಧಿತರಾಗಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಹೋದರು. ಅಲ್ಲಿನ ಮೊಕದ್ದಮೆ ಕೊಲೆಗಳದ್ದು, ಮಾತಿನದ್ದಲ್ಲ. ಮೇ ತಿಂಗಳ ಚುನಾವಣೆಯಲ್ಲಿ ಸೆರೆಯಲ್ಲಿದ್ದ ಅವರನ್ನೇ ಡವಾವ್ ಜನ ಮೇಯರ್ ಆಗಿ ಆರಿಸಿದರು. ಮೂರು ಅವಧಿ ಮುಗಿಸಿ ಸೆನೆಟ್‌ಗೆ ನಿಂತಿದ್ದ ಕ್ಯಾಸ್ಟ್ರೊ ಸೋತರು. ಅದೇ ಚುನಾವಣೆಯಲ್ಲಿ ಡಿ ಲಿಮಾ ಗೆದ್ದು ಪ್ರತಿನಿಧಿ ಸಭೆಗೆ ಬಂದಿದ್ದಾರೆ, ಕ್ಯಾಸ್ಟ್ರೊ ಲೆಕ್ಕ ಕೇಳಿದ ಅದೇ ಸಭೆಗೆ.