ಅಕರ್ತೃ ಧರ್ಮಕ್ಕೆ ಕರ್ತೃವಾದದ ಹಂಗೇಕೆ?

ಠಾಕುರ್ಲಿಯ ಒಂದೇ ಕಟ್ಟಡದಲ್ಲಿ ಹತ್ತನೆಯ ತರಗತಿಯ ಇಬ್ಬರು ಜೈನ ಮಕ್ಕಳಿದ್ದರೆ, ಇಬ್ಬರೂ ಒಂದೇ ವಿಜ್ಞಾನವನ್ನು ಓದುತ್ತಾರೆಂಬ ಭರವಸೆಯಿಲ್ಲ. ಮಹಾರಾಷ್ಟ್ರ ರಾಜ್ಯ ಮಂಡಳಿಯು 2018ರಲ್ಲಿ ತಂದ ವಿಜ್ಞಾನ ಪುಸ್ತಕದ ಎರಡನೆಯ ಭಾಗದ ಮೊದಲ ಪಾಠವೇ ಆನುವಂಶಿಕತೆ ಮತ್ತು ವಿಕಾಸ. ಎನ್‌ಸಿಇಆರ್‌ಟಿ ಪುಸ್ತಕದಲ್ಲಾದರೋ ಅದೇ ಹೆಸರಿನ ಪಾಠದಿಂದ ವಿಕಾಸವನ್ನು ತೆಗೆದು ಆನುವಂಶಿಕತೆಯನ್ನು ಮಾತ್ರ ಉಳಿಸಲಾಯಿತು. ಕೊಟ್ಟ ಕಾರಣ, ಕೋವಿಡ್ ಕಾಲದ ಪಠ್ಯಭಾರ. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಅಧ್ಯಾಪಕರು ಬಹಿರಂಗ ಪತ್ರದಲ್ಲಿ ಇದನ್ನು ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಷಯ ಉಳಿದಿದೆ ಎಂಬುದು ಪೊಳ್ಳು ಸಮಾಧಾನ. ವಾಣಿಜ್ಯ ವಿಭಾಗಕ್ಕೆ ಹೋಗುವ ಮಗು ಆ ಪುಟವನ್ನು ತೆರೆಯುವುದೇ ಇಲ್ಲ.

2018ರಲ್ಲಿ ಕೇಂದ್ರದ ರಾಜ್ಯಸಚಿವ ಸತ್ಯಪಾಲ್ ಸಿಂಗ್, ವಾನರ ಮನುಷ್ಯನಾದುದನ್ನು ಯಾರೂ ಕಂಡಿಲ್ಲವಾದ್ದರಿಂದ ಡಾರ್ವಿನ್ನನ ಸಿದ್ಧಾಂತ ತಪ್ಪೆಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಮನುಷ್ಯನಿಗೆ 23 ಜೋಡಿ ವರ್ಣತಂತುಗಳು, ಚಿಂಪಾಂಜಿಗೆ 24. ಪೂರ್ವಜರಲ್ಲಿ ಎರಡು ವರ್ಣತಂತುಗಳು ಬೆಸೆದುಕೊಂಡ ಗುರುತು ಮನುಷ್ಯನ ಎರಡನೆಯ ವರ್ಣತಂತುವಿನಲ್ಲಿ ಇಂದಿಗೂ ಇದೆ. ಕಣ್ಣಾರೆ ಕಾಣದ ವ್ಯವಹಾರಕ್ಕೂ ದಾಖಲೆಯಿರುತ್ತದೆ.

ಇಷ್ಟಾದರೂ, ಜೀವಿಗಳ ರಚನೆಯ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕಾರನಿರಲೇಬೇಕೆಂಬ ವಾದವನ್ನು ಜೈನರೇ ತಲೆದೂಗಿ ಒಪ್ಪುವುದು ವಿಚಿತ್ರ. ಒಂಬತ್ತನೆಯ ಶತಮಾನದಲ್ಲಿ ಆಚಾರ್ಯ ಜಿನಸೇನರು ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ತರ್ಕದಿಂದಲೇ ಖಂಡಿಸಿದ್ದಾರೆ. ಅವರು ಹೊರಗೆ ಹಾಕಿದ ಕರ್ತೃವನ್ನು ವಿನ್ಯಾಸಕಾರನೆಂಬ ಹೊಸ ಹೆಸರಿನಿಂದ ಒಳಗೆ ಕರೆಯುವುದು ಯಾವ ಶ್ರದ್ಧೆ? ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಪ್ರಕರಣದಲ್ಲಿ, ಈ ವಾದ ವಿಜ್ಞಾನವಲ್ಲವೆಂದು 2005ರಲ್ಲಿ ನ್ಯಾಯಾಲಯವೇ ತೀರ್ಪಿತ್ತಿತು.

ಅನೇಕಾಂತದ ಹೆಸರಿನಲ್ಲಿ ಎರಡೂ ಸರಿ ಎನ್ನುವವರಿದ್ದಾರೆ. ಅನೇಕಾಂತವು ಒಂದು ವಸ್ತುವಿನ ನಾನಾ ಧರ್ಮಗಳನ್ನು ಕಾಣುವ ದೃಷ್ಟಿ. ಸಾಕ್ಷ್ಯವಿರುವುದಕ್ಕೂ ಇಲ್ಲದಿರುವುದಕ್ಕೂ ಸಮಪಾಲು ಹಂಚುವ ಪಂಚಾಯಿತಿಯಲ್ಲ. ಆಗಮಗಳಲ್ಲಿ ಡಾರ್ವಿನ್ನನನ್ನು ಹುಡುಕಿ ಹೆಮ್ಮೆಪಡುವುದೂ ಅಷ್ಟೇ ಅನುಚಿತ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಆಪ್ತನನ್ನೇ ಪರೀಕ್ಷೆಗೆ ನಿಲ್ಲಿಸಿದರು. ಪರೀಕ್ಷೆಗೆ ಹೆದರುವುದು ಆ ಪರಂಪರೆಯ ಗುಣವಲ್ಲ.

ಡೊಂಬಿವಲಿ, ಕಲ್ಯಾಣ, ಠಾಕುರ್ಲಿಗಳ ಜೈನ ಪಾಲಕರು ಮಕ್ಕಳ ಶಾಲೆಯ ಪಾಲಕರ ಸಭೆಯಲ್ಲಿ ಶುಲ್ಕ, ಬಸ್ಸುಗಳ ಜೊತೆಗೆ ಕೈಬಿಟ್ಟ ಪಾಠವನ್ನೂ ಕೇಳಲಿ. ಶಾಲೆ ಕಲಿಸದಿದ್ದರೆ ಬಸದಿಯ ಭಾನುವಾರದ ಪಾಠಶಾಲೆಯಾದರೂ ಒಂದು ಗಂಟೆ ಕೊಡಲಿ. ಕರ್ತೃವಿಲ್ಲದೆ ಸಾವಿರಾರು ವರ್ಷ ಬಾಳಿದ ಧರ್ಮ, ಡಾರ್ವಿನ್ನನ ಒಂದು ಪಾಠದಿಂದ ಕುಸಿಯಲಾರದು.